ಎಡಗೈ ಸುಟ್ಟ ಕಲೆ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಯಜಮಾನರನ್ನು ಎಲ್ಲರೂ ಕರೆಯುವುದು ಗರಿಗರಿಯವರು ಎಂದು. ಅವರ ಕೈಯಿಂದ ಬಂದ ಅಂಗಿ ತೊಟ್ಟವನು ಸಂಜೆಯವರೆಗೆ ಕುರ್ಚಿಗೆ ಬೆನ್ನು ತಾಗಿಸುವುದಿಲ್ಲ. ತಾಗಿಸಿದರೆ ಏನೋ ಅಪರಾಧ ಮಾಡಿದಂತಾಗುತ್ತದೆ. ಬಟ್ಟೆಯ ವಿಷಯದಲ್ಲಿ ಇಷ್ಟು ಖಚಿತವಾಗಿರುವ ಮನುಷ್ಯ ಕಾಗದಪತ್ರ ಕಂಡರೆ ಮಾತ್ರ ಗಲಿಬಿಲಿಗೊಳ್ಳುತ್ತಾರೆ. ಒಮ್ಮೆ ಜನಗಣತಿಯವರು ಬಂದು “ಮನೇಲಿ ಎಷ್ಟು ಜನ?” ಎಂದು ಕೇಳಿದಾಗ, “ಒಂದು ನಿಮಿಷ” ಎಂದು ಒಳಗೆ ಹೋಗಿ ಎಣಿಸಿಕೊಂಡು ಬಂದವರು ಅವರು. ಇರುವುದು ಗಂಡ, ಹೆಂಡತಿ, ಮಗಳು, ಮೂರೇ ಜನ.

ಅಂಥವರ ಕೈಗೆ ವಿಶ್ವವಿದ್ಯಾಲಯದ ಅರ್ಜಿಯೊಂದು ಬಂತು.

ಮಗಳು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದ್ದಳು. ಆ ಮನೆತನದಲ್ಲಿ ವಿಶ್ವವಿದ್ಯಾಲಯದ ಗೇಟು ದಾಟಿದವರಲ್ಲಿ ಅವಳು ಎರಡನೆಯವಳು. ಮೊದಲನೆಯವರು ಗರಿಗರಿಯವರೇ, ಅವರು ದಾಟಿದ್ದು ಪ್ರಾಧ್ಯಾಪಕರೊಬ್ಬರ ಕೋಟು ಕೊಟ್ಟುಬರುವುದಕ್ಕೆ. ಈ ವರ್ಷ ಪದವಿ ಪ್ರದಾನದ ಜೊತೆಗೆ ವಿಶ್ವವಿದ್ಯಾಲಯ ಹೊಸದೊಂದು ಸಂಭ್ರಮ ಇಟ್ಟುಕೊಂಡಿತ್ತು. ವಿದ್ಯಾರ್ಥಿಗಳು ಎಂಥೆಂಥ ಜನರ ನಡುವಿನಿಂದ, ಯಾವ ಯಾವ ಸಂಸ್ಕೃತಿಯಿಂದ ಬಂದವರು ಎಂದು ಕೇಳಿ ತಿಳಿದು, ಆ ಗುರುತನ್ನು ವೇದಿಕೆಯ ಮೇಲೆ ಗೌರವಿಸುವುದು. ಅದಕ್ಕೊಪ್ಪುವ ಬಣ್ಣದ ಪಟ್ಟಿಯೊಂದನ್ನು ಹೆಗಲಿಗೆ ಹಾಕುವುದು. ಮನೆಯವರಿಗೆ ಹಾಡೋ ಕುಣಿತವೋ ಕೈಕೆಲಸವೋ ಬರುತ್ತಿದ್ದರೆ ಮೂರು ನಿಮಿಷ ಅದನ್ನು ಮಾಡಿ ತೋರಿಸಲು ಬಿಡುವುದು. ಉದ್ದೇಶ ಒಳ್ಳೆಯದೇ. ಆದರೆ ಉದ್ದೇಶವನ್ನು ವಿವರಿಸುವ ಪತ್ರ ಬೇರೆ ಲಕೋಟೆಯಲ್ಲಿತ್ತು. ಆ ಲಕೋಟೆ ಇವತ್ತಿಗೂ ನಮ್ಮ ಬೀದಿಗೆ ಬಂದಿಲ್ಲ.

“ಅಪ್ಪ, ಅದು ಪೋಷಕರು ತುಂಬಬೇಕಾದ ಹಾಳೆ. ನೀವೇ ತುಂಬಿ ಕಳಿಸ್ಬಿಡಿ, ನನಗೆ ವರದಿ ಮುಗಿಸೋದಿದೆ” ಎಂದು ಹಾಸ್ಟೆಲಿನಿಂದ ಮಗಳು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟಳು.

ಗರಿಗರಿಯವರು ಬಾಮೈದನನ್ನು ಕರೆಸಿದರು. ಬಾಮೈದ ಕಚೇರಿಗಳ ಮುಂದೆ ಮೇಜು ಹಾಕಿಕೊಂಡು ಜನರ ಅರ್ಜಿ ಬರೆದುಕೊಡುವವನು. ಜಗತ್ತಿನಲ್ಲಿರುವುದು ಎರಡೇ ಜಾತಿಯ ಕಾಗದ, ತಾನು ತುಂಬಿದ್ದು ಮತ್ತು ತಿರಸ್ಕೃತವಾದದ್ದು ಎಂದು ಅವನ ನಂಬಿಕೆ. ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿ ಪೆನ್ನಿನ ಮುಚ್ಚಳ ತೆಗೆದ.

“ಮೊದಲನೇದು, ನಿಮ್ಮ ಗುರುತು.”

“ಗುರುತು ಅಂದ್ರೆ?”

“ಭಾವ, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಾ ಇದೀನಿ. ಗುರುತು ಅಂದ್ರೆ ಮೈಮೇಲಿನ ಗುರುತು. ಮಚ್ಚೆ, ಗಾಯ, ಇಂಥದ್ದು. ನೀವು ಕಳೆದುಹೋದ್ರೆ ಹುಡುಕೋಕೆ.”

“ಪದವಿ ತಗೊಳ್ಳೋಳು ಅವಳು. ನಾನ್ಯಾಕೋ ಕಳೆದುಹೋಗ್ತೀನಿ?”

“ಅಷ್ಟು ದೊಡ್ಡ ಆವರಣ ಭಾವ. ಹೇಳೋಕಾಗಲ್ಲ.”

ಈ ಮಾತಿನಲ್ಲಿ ಹುರುಳಿದೆ ಎನ್ನಿಸಿತು. ಗರಿಗರಿಯವರು ಎಡಗೈ ಮುಂದೆ ಚಾಚಿದರು. ಮಣಿಕಟ್ಟಿಗೂ ಮೊಣಕೈಗೂ ನಡುವೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲೇ ಒಂದು ಸುಟ್ಟ ಕಲೆ. “ಎಡ ಮುಂಗೈಯ ಮೇಲ್ಭಾಗದಲ್ಲಿ ಬಹಳ ಹಿಂದೆ ಸುಟ್ಟಿದ್ದರಿಂದ ಆದ ಕಲೆ” ಎಂದು ಬರೆಯಲು ಬಾಮೈದ ಹೊರಟ. ಆದರೆ ಅರ್ಜಿಯಲ್ಲಿ ಬಿಟ್ಟ ಜಾಗ ಬೆರಳುದ್ದ. ಆದ್ದರಿಂದ ಅನುಭವಿಯಾದ ಅವನು ಸಂಕ್ಷಿಪ್ತಗೊಳಿಸಿದ: *ಎಡಗೈ ಸುಟ್ಟ ಕಲೆ.*

“ಎರಡನೇದು, ಇದು ಎಷ್ಟು ತಲೆಮಾರುಗಳಿಂದ ಬಂದಿದೆ?” ಬಾಮೈದ ಒಂದು ಕ್ಷಣ ಪೆನ್ನು ನಿಲ್ಲಿಸಿದ. “ಇದನ್ನೂ ಕೇಳ್ತಾರಾ ಈಗ? ನಿಯಮ ಬದಲಾಗಿರಬೇಕು.”

“ನಮ್ಮ ತಾತನಿಗೆ ಬಲಗೈ ಮೇಲಿತ್ತು. ಅಪ್ಪನಿಗೆ ಎರಡೂ ಕೈಗಿತ್ತು. ಮೂರು ತಲೆಮಾರು ಅಂತ ಬರಿ.”

“ಹಿನ್ನೆಲೆ?”

“ಅದೇನು?”

“ಫೋಟೋದ್ದು ಭಾವ. ಬಿಳಿ. ಬೇರೆ ಬಣ್ಣ ಇದ್ರೆ ವಾಪಸ್ ಕಳಿಸ್ತಾರೆ.” ಬಿಳಿ ಎಂದು ಬರೆದ. “ಕೊನೇದು, ವೇದಿಕೆ ಮೇಲೆ ತೋರಿಸಲು ಒಪ್ಪುವಿರಾ?”

“ತೋಳು ಮಡಚಿ ತೋರಿಸೋದು ತಾನೆ? ಅದಕ್ಕೇನಂತೆ.”

ಹೀಗೆ ಅರ್ಜಿ ಹೋಯಿತು. ಗಾಯ ಮಾಯ್ದ ಮೇಲೆ ಉಳಿಯುವುದಕ್ಕೂ, ಹಾಡು ಚಿತ್ರ ಕುಣಿತಗಳಿಗೂ ನಮ್ಮ ಹಿರಿಯರು ಒಂದೇ ಪದ ಇಟ್ಟುಹೋಗಿದ್ದಾರೆ. ಯಾಕೆ ಇಟ್ಟರೆಂದು ಕೇಳೋಣವೆಂದರೆ ಅವರು ಈಗಿಲ್ಲ.

ವಿಶ್ವವಿದ್ಯಾಲಯದಲ್ಲಿ ಈ ಸಂಭ್ರಮದ ಹೊಣೆ ಹೊತ್ತಿದ್ದ ಸಂಯೋಜಕಿಯವರು ಆ ಹೊತ್ತಿಗೆ ಬೇಸತ್ತಿದ್ದರು. ಬಂದ ಅರ್ಜಿಗಳಲ್ಲಿ ಅರ್ಧಕ್ಕರ್ಧ ‘ಗೊತ್ತಿಲ್ಲ’ ಎಂದಿದ್ದವು. ಒಬ್ಬರು ‘ಅಜ್ಜಿಯನ್ನು ಕೇಳಿ’ ಎಂದು ಬರೆದು ಅಜ್ಜಿಯ ವಿಳಾಸ ಕೊಟ್ಟಿರಲಿಲ್ಲ. ಹಾಗಿರುವಾಗ ‘ಎಡಗೈ ಸುಟ್ಟ ಕಲೆ, ಮೂರು ತಲೆಮಾರು’ ಎಂಬುದನ್ನು ಓದಿದ ಕೂಡಲೇ ಅವರು ಕುರ್ಚಿಯಿಂದ ಎದ್ದು ನಿಂತರಂತೆ. ನಿಂತೇ ಫೋನು ಮಾಡಿದರು.

ಗರಿಗರಿಯವರು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗಿರಾಕಿಯೊಬ್ಬರ ಕಾಲರಿಗೆ ನೀರು ಚಿಮುಕಿಸುತ್ತಿದ್ದರು.

“ಸರ್, ಎಡಗೈ ಸುಟ್ಟ ಕಲೆ ನಿಮ್ಮದೇ ಅಲ್ವಾ?”

“ನನ್ನದೇ ಮೇಡಂ. ತಪ್ಪಾಯ್ತಾ? ಬಲಗೈಯಲ್ಲೂ ಸಣ್ಣದೊಂದಿದೆ, ಜಾಗ ಸಾಲಲಿಲ್ಲ ಅಂತ ಬರೀಲಿಲ್ಲ.”

“ಬಲಗೈಯಲ್ಲೂ!” ಆ ಕಡೆ ಪೆನ್ನು ಓಡುವ ಸದ್ದು. “ಇದು ನಿಮಗೆ ಎಲ್ಲಿಂದ ಬಂತು ಸರ್?”

“ನಮ್ಮಪ್ಪನ ಪೆಟ್ಟಿಗೆಯಿಂದ ಬಂತು ಮೇಡಂ.”

“ಆ ಪೆಟ್ಟಿಗೆ ಇನ್ನೂ ಇದೆಯಾ?”

“ಇದೆ. ತುಂಬಾ ಭಾರ, ಅದಕ್ಕೇ ಅಟ್ಟದ ಮೇಲಿಟ್ಟಿದೀನಿ.”

“ಅಟ್ಟದ ಮೇಲೆ…” ಸಂಯೋಜಕಿಯವರ ದನಿ ಭಾರವಾಯಿತು. “ಸರ್, ಇಂಥ ಕಲೆ ಉಳಿಸಿಕೊಳ್ಳೋಕೆ ಇಷ್ಟು ವರ್ಷ ಏನು ಮಾಡಿದ್ರಿ?”

“ಉಳಿಸಿಕೊಳ್ಳೋದೇನು ಮೇಡಂ, ಅದು ತಾನಾಗೇ ಉಳಿದಿದೆ. ಹೋಗಲಿ ಅಂತ ನಾವೇ ಏನೇನೋ ಮಾಡಿದ್ವಿ.”

“ಹೋಗಲಿ ಅಂತಾನಾ?”

“ಮತ್ತೆ? ಇದನ್ನ ಇಟ್ಕೊಂಡು ಏನು ಸುಖ? ನೋಡಿದೋರು ಮುಖ ತಿರುಗಿಸ್ತಾರೆ.”

ಆ ಕಡೆ ಹಾಳೆ ಮಗುಚಿದ ಸದ್ದು. ಆಮೇಲೆ ಬಹಳ ಮೆಲ್ಲಗೆ, “ಮಗಳಿಗೆ ಬಂದಿದೆಯಾ ಸರ್?”

“ಅಯ್ಯೋ, ಬೇಡ ಮೇಡಂ! ಅವಳಿಗೆ ಬರಬಾರದು ಅಂತಲೇ ಅವಳನ್ನ ಅಂಗಡಿ ಕಡೆ ಸುಳಿಯೋಕೆ ಬಿಡಲಿಲ್ಲ. ಓದು, ಓದು ಅಂತ ಕೂರಿಸಿದೆ. ನನ್ನ ಜೊತೆಗೇ ಇದು ಮುಗಿದುಹೋಗಲಿ.”

ಸಂಯೋಜಕಿಯವರು ಮೂಗು ಒರೆಸಿಕೊಂಡದ್ದು ಫೋನಿನಲ್ಲೇ ಕೇಳಿಸಿತು. “ಕೊನೇ ಪ್ರಶ್ನೆ ಸರ್. ಮಗಳ ಹೆಗಲಿಗೆ ಪಟ್ಟಿ ಹೊಲಿಸಬೇಕು. ಈ ಕಲೆಯ ಬಣ್ಣ ಯಾವುದು?”

ಪಟ್ಟಿ ಎಂದರೆ ಏನೆಂದು ಗರಿಗರಿಯವರಿಗೆ ತಿಳಿಯಲಿಲ್ಲ. ಬಣ್ಣ ಎಂದರೆ ತಿಳಿಯಿತು. “ಮೊದಲು ಕೆಂಪು ಮೇಡಂ. ಒಂದು ವಾರಕ್ಕೆ ಕಂದು. ಕೊನೆಗೆ ಒಂಥರಾ ಬೂದಿ ಬಣ್ಣಕ್ಕೆ ತಿರುಗುತ್ತೆ.”

ಫೋನು ಇಟ್ಟ ಮೇಲೆ ಅವರು ಹೆಂಡತಿಗೆ ಹೇಳಿದರು: “ಎಂಥ ಒಳ್ಳೆ ಹೆಣ್ಣುಮಗಳು ಗೊತ್ತಾ? ನನ್ನ ಗಾಯ ನೆನೆಸ್ಕೊಂಡು ಅತ್ತೇಬಿಟ್ರು ಪಾಪ.”

ಹದಿನೈದು ದಿನಕ್ಕೆ ಆಮಂತ್ರಣ ಪತ್ರಿಕೆ ಬಂತು. ಗಟ್ಟಿ ಕಾಗದ, ಬಂಗಾರದ ಅಂಚು. ಮಕ್ಕಳು ಮನೆಯವರ ಗೌರವವನ್ನು ವೇದಿಕೆಯ ಮೇಲೆಯೇ ಕಂಡು ಬೆರಗಾಗಲಿ ಎಂದು ಸಂಯೋಜಕಿಯವರು ಅದನ್ನು ಪೋಷಕರಿಗೆ ಮಾತ್ರ ಕಳಿಸಿದ್ದರು. ಏಳನೆಯ ಸಾಲಿನಲ್ಲಿ ಹೀಗಿತ್ತು: *ಎಡಗೈ ಸುಟ್ಟ ಕಲೆ. ಮೂರು ತಲೆಮಾರುಗಳ ಪರಂಪರೆಯ ಕೊನೆಯ ಕೊಂಡಿಯಿಂದ ಪ್ರಾತ್ಯಕ್ಷಿಕೆ.*

ಅದನ್ನು ಬೀದಿಯಲ್ಲಿ ಮೊದಲು ಓದಿದವರು ಎದುರುಮನೆಯ ನಿವೃತ್ತ ಗ್ರಂಥಪಾಲಕರು. ಪ್ಯಾಂಟು ತೆಗೆದುಕೊಂಡು ಹೋಗಲು ಬಂದವರು ಮೇಜಿನ ಮೇಲಿದ್ದ ಪತ್ರಿಕೆ ನೋಡಿ, ಪ್ಯಾಂಟು ಮರೆತು, ಗರಿಗರಿಯವರ ಎರಡೂ ಕೈ ಹಿಡಿದುಕೊಂಡರು.

“ಇಷ್ಟು ವರ್ಷ ಎದುರಿಗೇ ಇದ್ದು ಒಂದು ಮಾತು ಹೇಳಲಿಲ್ಲವಲ್ಲ ನೀವು!”

“ಹೇಳೋದೇನಿದೆ ಸಾರ್? ನಾನು ಯಾವಾಗಲೂ ಅರ್ಧ ತೋಳಿನ ಅಂಗೀನೇ ಹಾಕೋದು. ಕಾಣಿಸ್ತಾನೇ ಇತ್ತು.”

“ಕಾಣಿಸೋದು ಬೇರೆ, ನೋಡೋದು ಬೇರೆ! ನಾವು ಕಣ್ಣಿದ್ದೂ ಕುರುಡರು.” ಗ್ರಂಥಪಾಲಕರು ಸುತ್ತ ನೋಡಿ ದನಿ ತಗ್ಗಿಸಿದರು. “ನನಗೂ ಸ್ವಲ್ಪ ಆಸಕ್ತಿ ಇದೆ. ಬಿಡುವಾದಾಗ ನನಗೂ ಮಾಡಿಕೊಡ್ತೀರಾ?”

“ನಿಮಗಾ?” ಗರಿಗರಿಯವರು ಗಾಬರಿಯಾದರು. “ಈ ವಯಸ್ಸಲ್ಲಿ ಬೇಡ ಸಾರ್. ಮಾಯೋದು ನಿಧಾನ.”

ಮಾಯುವುದು ಎಂದರೆ ಆ ಕಲೆಯ ಒಂದು ಹಂತವಿರಬೇಕೆಂದು ಗ್ರಂಥಪಾಲಕರು ತಲೆದೂಗಿಕೊಂಡು ಹೋದರು, ಪ್ಯಾಂಟಿಲ್ಲದೆ.

ಸಂಜೆ ಬಾಮೈದ ಬಂದು ಪತ್ರಿಕೆ ಓದಿದ. ಎರಡು ಸಲ ಓದಿ ಬೆವರು ಒರೆಸಿಕೊಂಡ.

“ಪ್ರಾತ್ಯಕ್ಷಿಕೆ ಅಂತ ಹಾಕಿದಾರಲ್ಲ ಭಾವ.”

“ಹಾಗಂದ್ರೆ?”

“ಎಲ್ಲರ ಕಣ್ಣೆದುರಿಗೆ ಮಾಡಿ ತೋರಿಸೋದು.”

“ಏನನ್ನ?”

“ಇನ್ನೇನನ್ನ? ಸುಟ್ಟ ಕಲೇನ.”

ಹೆಂಡತಿ ಒಳಗಿನಿಂದ ಬಂದರು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು, ಅಂದರೆ ಬಿಟ್ಟರು. “ಮಗಳಿಗೆ ಪದವಿ ಕೊಡೋಕೆ ಅಪ್ಪ ಕೈ ಸುಟ್ಕೋಬೇಕಾ? ಇದ್ಯಾವ ಸೀಮೆ ವಿಶ್ವವಿದ್ಯಾಲಯಾರೀ! ಮೂರು ವರ್ಷ ಅವಳು ಓದಿದ್ದು ಸಾಲದಾ?”

“ಅಕ್ಕ, ಇದು ಗುರುತು ಸಾಬೀತುಪಡಿಸೋದು. ಕಚೇರಿಗಳಲ್ಲಿ ಸಹಿ ಸರಿಹೋಗದಿದ್ರೆ ಎದುರಿಗೆ ಇನ್ನೊಂದು ಸಹಿ ಹಾಕಿಸ್ತಾರಲ್ಲ, ಹಾಗೆ. ಹಳೇ ಕಲೆ, ಹೊಸ ಕಲೆ ಎರಡೂ ತಾಳೆ ಆಗಬೇಕು. ಆಗದಿದ್ರೆ ಪದವಿ ತಡೆಹಿಡೀತಾರೆ.”

ಈ ವಿವರಣೆ ಎಷ್ಟು ಭಯಂಕರವಾಗಿತ್ತೆಂದರೆ ಅದು ನಿಜವೇ ಇರಬೇಕೆಂದು ಎಲ್ಲರಿಗೂ ಅನ್ನಿಸಿತು. ಗರಿಗರಿಯವರು ಧೈರ್ಯ ಮಾಡಿ ಸಂಯೋಜಕಿಯವರಿಗೆ ಫೋನು ಹಚ್ಚಿದರು.

“ಮೇಡಂ, ಹಳೇದನ್ನೇ ತೋರಿಸಿದ್ರೆ ಆಗಲ್ವಾ?”

“ಹಳೇದೂ ಇರಲಿ ಸರ್. ಆದ್ರೆ ಹೊಸದು ಆಗೋದನ್ನ ನೋಡೋ ಆಸೆ ಜನಕ್ಕೆ. ಕುಲಪತಿಗಳೂ ಕಾಯ್ತಾ ಇದಾರೆ.”

“ಆಗೋದನ್ನ ನೋಡೋ ಆಸೆನಾ? ಕುಲಪತಿಗಳಿಗೂನಾ?”

“ಅವರಿಗೇ ಎಲ್ಲರಿಗಿಂತ ಹೆಚ್ಚು.”

“…ಸಣ್ಣದಾದ್ರೆ ನಡೆಯುತ್ತಾ?”

“ಗಾತ್ರ ನಿಮ್ಮಿಷ್ಟ ಸರ್. ವೇದಿಕೆ ಮೇಲೆ ಏನೇನು ಬೇಕು ಹೇಳಿ.”

“ಒಂದು ಮೇಜು, ಅದರ ಮೇಲೆ ದಪ್ಪ ಕಂಬಳಿ, ಕರೆಂಟು. ಪೆಟ್ಟಿಗೆ ನಾನೇ ತರ್ತೀನಿ.” ಕೊಂಚ ಯೋಚಿಸಿ ಸೇರಿಸಿದರು, “ಒಂದು ಬಕೆಟ್ ತಣ್ಣೀರು.”

ಸುದ್ದಿ ಬೀದಿಯನ್ನು ಎರಡು ಭಾಗ ಮಾಡಿತು. ಗ್ರಂಥಪಾಲಕರ ಕಡೆಯವರು ಅಪರೂಪದ ಕಲೆಯೊಂದು ನಮ್ಮ ನಡುವೆಯೇ ಇತ್ತಲ್ಲ ಎಂದು ಬೀಗಿದರು. ಹೆಂಡತಿಯ ಕಡೆಯವರು ಶೋಕಕ್ಕೆ ಕೂತರು. ಎರಡೂ ಕಡೆಯವರು ಅಂಗಡಿ ಮುಂದೆ ಎದುರಾದಾಗ “ಎಂಥ ದಿನ ಬಂತು ನೋಡಿ!” ಎಂದೇ ಹೇಳಿಕೊಳ್ಳುತ್ತಿದ್ದರು, ಹೀಗಾಗಿ ತಮ್ಮೊಳಗೆ ಭಿನ್ನಾಭಿಪ್ರಾಯ ಇರುವುದು ಯಾರಿಗೂ ಗೊತ್ತಾಗಲಿಲ್ಲ. ಮೂಲೆಯ ಔಷಧಿ ಅಂಗಡಿಯವರು ಮಾತ್ರ ಏನೂ ಕೇಳದೆ ಸುಟ್ಟ ಗಾಯದ ಮುಲಾಮು, ಹತ್ತಿ, ಬಟ್ಟೆಸುರುಳಿ ತಂದಿಟ್ಟು, “ಊದಬೇಡಿ, ತಣ್ಣೀರಲ್ಲಿ ಹಿಡೀರಿ” ಎಂದು ಹೇಳಿ ಹೋದರು. ಇಡೀ ಪ್ರಕರಣದಲ್ಲಿ ಪ್ರಯೋಜನಕ್ಕೆ ಬರುವ ಮಾತಾಡಿದವರು ಅವರೊಬ್ಬರೇ.

“ಬೇಡಾರೀ, ಅವಳಿಗಾದ್ರೂ ಒಂದು ಮಾತು ಹೇಳೋಣ” ಎಂದರು ಹೆಂಡತಿ.

“ಹೇಳಿದ್ರೆ ಅವಳು ಪದವೀನೇ ಬೇಡ ಅಂತಾಳೆ. ಸುಮ್ನಿರು.” ಗರಿಗರಿಯವರು ಪೆಟ್ಟಿಗೆಯ ತಳ ಒರೆಸುತ್ತಿದ್ದರು. “ಯಾರ್ಯಾರದೋ ಪ್ಯಾಂಟಿಗೋಸ್ಕರ ಎಷ್ಟು ಸಲ ಸುಟ್ಕೊಂಡಿದೀನಿ. ಅವಳ ಪದವಿಗೆ ಒಂದು ಸಲ ಸುಟ್ಕೊಂಡ್ರೆ ಏನು ಮಹಾ?”

ಆ ದಿನ ಬಂತು. ಸಭಾಂಗಣದ ತುಂಬ ಬಣ್ಣ. ನೀಲಿ ಪಟ್ಟಿಯವರು ಒಂದು ಸಾಲು, ಹಸಿರಿನವರು ಇನ್ನೊಂದು ಸಾಲು. ಒಬ್ಬೊಬ್ಬರ ಹಿಂದೆ ಅವರ ಮನೆಮಂದಿ, ಕೈಯಲ್ಲಿ ತಮಟೆ, ತಂತಿವಾದ್ಯ, ನೇಯ್ದ ಚಾಪೆ. ಕೆಂಪು, ಕಂದು, ಬೂದಿ ಮೂರೂ ಬಣ್ಣ ಹೊಲಿದ ಪಟ್ಟಿ ಹಾಕಿಕೊಂಡವಳು ಒಬ್ಬಳೇ, ಗರಿಗರಿಯವರ ಮಗಳು. ಇದು ಯಾವ ಸಂಸ್ಕೃತಿಯದ್ದೆಂದು ಅಕ್ಕಪಕ್ಕದವರು ಕೇಳಿದಾಗಲೆಲ್ಲ ಅವಳು “ಇದು ಸ್ವಲ್ಪ ಅಪರೂಪದ್ದು” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಮೂರು ನಿಮಿಷದ ಹಾಡಿಗೆ ಬಂದ ಅಜ್ಜಿಯೊಬ್ಬರ ಹಾಡಿನಲ್ಲಿ ನಲವತ್ತು ನುಡಿಗಳಿದ್ದವು. ಗಂಟೆ ಬಾರಿಸಿದರೆ ಅದನ್ನೇ ತಾಳವೆಂದು ತಿಳಿದು ಅವರು ಇನ್ನೂ ಹುರುಪಿನಿಂದ ಹಾಡಿದರು. ಹೀಗಾಗಿ ಸಮಯ ಬಹಳ ಮೀರಿತ್ತು. ಅಷ್ಟರಲ್ಲಿ ಬಿಳಿ ಪರದೆ ಇಳಿಯಿತು. ಹಿನ್ನೆಲೆ ಬಿಳಿ ಎಂದು ಅರ್ಜಿಯಲ್ಲಿತ್ತಲ್ಲ. ಮೇಜು ಬಂತು, ಕಂಬಳಿ ಬಂತು, ಬಕೆಟ್ ಬಂತು. ಸುಡುವ ವಿಷಯವಾದ್ದರಿಂದ ಅಗ್ನಿಶಾಮಕ ದಳದವರೊಬ್ಬರು ಕೆಂಪು ಸಿಲಿಂಡರ್ ಅಪ್ಪಿಕೊಂಡು ಬಂದು ಮೂಲೆಯಲ್ಲಿ ನಿಂತರು.

“ಈಗ ಎಡಗೈ ಸುಟ್ಟ ಕಲೆ!” ಎಂದರು ಸಂಯೋಜಕಿಯವರು ಮೈಕಿನಲ್ಲಿ.

ಗರಿಗರಿಯವರು ಪೆಟ್ಟಿಗೆ ಹಿಡಿದು ವೇದಿಕೆ ಹತ್ತಿದರು. ಅವರು ಅಂದು ಮೊದಲ ಸಲ ಪೂರ್ತಿ ತೋಳಿನ ಅಂಗಿ ಹಾಕಿದ್ದರು. ಪೆಟ್ಟಿಗೆಗೆ ಕರೆಂಟು ಕೊಟ್ಟು, ತೋಳಿನ ಗುಂಡಿ ಬಿಚ್ಚಿ ಮೇಲೆ ಮಡಚಿ, ಕುಲಪತಿಗಳ ಮುಂದೆ ಕೈ ಚಾಚಿದರು. ಕುಲಪತಿಗಳು ಕನ್ನಡಕ ಬದಲಿಸಿ ಬಗ್ಗಿ ನೋಡಿದರು.

“ಇದೇನಾ?”

“ಇದೇ ಸಾರ್.”

“ಆಕಾರ ವಿಶೇಷವಾಗಿದೆ. ಏನಿದರ ಅರ್ಥ?”

“ಪೆಟ್ಟಿಗೆ ಮೂತಿ ಸಾರ್.”

ಕುಲಪತಿಗಳು ಗಂಭೀರವಾಗಿ ತಲೆಯಾಡಿಸಿದರು. ಸಭೆಯಲ್ಲಿ ಅರ್ಥವಾಗದವರು ಅರ್ಥವಾದವರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

“ಸಾರ್, ಹಳೇದು ನೋಡಿದ್ರಲ್ಲ. ಇಷ್ಟಕ್ಕೇ ಒಪ್ಕೊಂಡು ಮಗಳಿಗೆ ಪದವಿ ಕೊಟ್ಬಿಡಿ ಸಾರ್.”

“ಪದವಿ ಎಲ್ಲಿ ಓಡಿಹೋಗುತ್ತೆ? ಮೊದಲು ಕಲೆ ಆಗಲಿ.”

“ಆಗಲೇಬೇಕಾ?”

“ಆಗಲೇಬೇಕು.”

ಗರಿಗರಿಯವರು ಬೆರಳು ಒದ್ದೆ ಮಾಡಿಕೊಂಡು ಪೆಟ್ಟಿಗೆಯ ತಳಕ್ಕೆ ತಾಗಿಸಿದರು. ಚುಂಯ್ ಎಂಬ ಸದ್ದು ಮೈಕಿನಲ್ಲಿ ಸಭಾಂಗಣದ ಕೊನೆಯವರೆಗೆ ಹೋಯಿತು. ಏಳನೆಯ ಸಾಲಿನಿಂದ ಹೆಂಡತಿ ಎದ್ದುನಿಂತು “ಬೇಡಾರೀ!” ಎಂದು ಕೂಗಿದರು. “ಕೂತ್ಕೊಳ್ಳಿ ತಾಯಿ, ಏಕಾಗ್ರತೆ ಕೆಡುತ್ತೆ” ಎಂದು ಪಕ್ಕದಲ್ಲಿದ್ದ ಗ್ರಂಥಪಾಲಕರು ಗದರಿದರು.

ಅಪ್ಪ ವೇದಿಕೆ ಹತ್ತಿದ್ದನ್ನು ಕಂಡು ಮಗಳಿಗೆ ಮೊದಲು ಅಚ್ಚರಿಯಾಗಿತ್ತು. ಪೆಟ್ಟಿಗೆ ಕಂಡು ಇನ್ನೂ ಅಚ್ಚರಿಯಾಗಿತ್ತು. ಆದರೆ ಆ ಪೆಟ್ಟಿಗೆ ಕಂಬಳಿಯ ಕಡೆಗೆ ಹೋಗದೆ ಕೈಯ ಕಡೆಗೆ ಹೋಗುತ್ತಿದ್ದುದನ್ನು ಕಂಡಾಗ ಅವಳು ಕುರ್ಚಿ, ಪಟ್ಟಿ, ಒಂದು ಚಪ್ಪಲಿ ಎಲ್ಲ ಬಿಟ್ಟು ಓಡಿಬಂದು ಅವರ ಮಣಿಕಟ್ಟು ಹಿಡಿದಳು.

“ಅಪ್ಪಾ! ಏನ್ ಮಾಡ್ತಾ ಇದೀರಿ?”

“ನಿನ್ನ ಪದವಿಗೆ ಮಗಳೇ. ಸಣ್ಣದೊಂದು. ಆ ಕಡೆ ತಿರುಗಿಬಿಡು.”

“ಸರ್, ನಮ್ಮಪ್ಪನ ಕೈಲಿ ಏನು ಮಾಡಿಸ್ತಾ ಇದೀರಿ?”

“ಕಲೆ ಕಣಮ್ಮ” ಎಂದರು ಕುಲಪತಿಗಳು.

“ಇದು ಕಲೆ ಅಲ್ಲ ಸರ್! ಕಲೆ!”

ಮೈಕು ಅದನ್ನು ಹಿಡಿದು ನಾಲ್ಕೂ ಗೋಡೆಗೆ ಹೊಡೆಯಿತು. ಮೂರನೆಯ ಸಾಲಿನ ಪ್ರಾಧ್ಯಾಪಕರೊಬ್ಬರು ತಡೆಯಲಾರದೆ ಎದ್ದರು. “ಕಲೆ ಅಲ್ಲ, ಕಲೆ! ಆಹಾ, ಎಂಥ ಮಾತು!” ಎಂದು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಅಗ್ನಿಶಾಮಕ ದಳದವರು ಯಾವುದಕ್ಕೂ ಇರಲಿ ಎಂದು ಸಿಲಿಂಡರಿನ ಪಿನ್ನು ಎಳೆದಿಟ್ಟುಕೊಂಡರು.

“ಗಾಯದ ಕಲೆ ಸರ್!” ಮಗಳು ಅಳುವ ಹಂತಕ್ಕೆ ಬಂದಿದ್ದಳು. “ನಮ್ಮಪ್ಪ ಇಸ್ತ್ರಿ ಮಾಡೋರು. ಕೆಲಸ ಮಾಡುವಾಗ ಕೈ ಸುಟ್ಕೊಂಡಿದಾರೆ. ಅಷ್ಟೇ!”

ಸಂಯೋಜಕಿಯವರ ಕೈಯಲ್ಲಿದ್ದ ಹಾಳೆಗಳು ಒಂದೊಂದಾಗಿ ಜಾರಿ ಬಿದ್ದವು. ಬಾಮೈದ ಏನೋ ಬೀಳಿಸಿಕೊಂಡವನಂತೆ ಕುರ್ಚಿಯ ಕೆಳಗೆ ಬಗ್ಗಿ ಹುಡುಕತೊಡಗಿದ. ಕಾರ್ಯಕ್ರಮ ಮುಗಿಯುವವರೆಗೆ ಅದು ಸಿಗಲಿಲ್ಲ.

ಕುಲಪತಿಗಳು ನಿಧಾನವಾಗಿ ಕೇಳಿದರು, “ಅಂದ್ರೆ ಅರ್ಜಿಯಲ್ಲಿ ನೀವು ಬರೆದದ್ದು ಮೈಮೇಲಿನ ಗುರುತಾ?”

“ನೀವು ಅದನ್ನೇ ಅಲ್ವಾ ಸಾರ್ ಕೇಳಿದ್ದು?”

“ನಾವು ಕೇಳಿದ್ದು ನೀವು ಯಾರು ಅಂತ.”

ಗರಿಗರಿಯವರು ಕೈ ನೋಡಿಕೊಂಡರು, ಪೆಟ್ಟಿಗೆ ನೋಡಿದರು, ಏನು ವ್ಯತ್ಯಾಸವೆಂದು ತಿಳಿಯದೆ ಮತ್ತೆ ಕೈಯನ್ನೇ ಮುಂದೆ ಚಾಚಿದರು. “ನಾನು ಇವನೇ ಸಾರ್.”

ಕುಲಪತಿಗಳು ಗಂಟಲು ಸರಿಪಡಿಸಿಕೊಂಡರು. ಆಡಳಿತ ಬಲ್ಲವರು ಅವರು. “ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಾತ್ಯಕ್ಷಿಕೆ ಅಂತ ಅಚ್ಚಾಗಿದೆ. ಅಚ್ಚಾದ ಮೇಲೆ ಅದು ನಡೀಲೇಬೇಕು. ನಿಮಗೆ ಬರೋ ಕೆಲಸವನ್ನೇ ಮಾಡಿ ತೋರಿಸಿ.”

ಗರಿಗರಿಯವರು ವೇದಿಕೆ ಹತ್ತಿದಾಗಿನಿಂದ ಒಂದು ಸಂಕಟ ಅನುಭವಿಸುತ್ತಿದ್ದರು. ಅದನ್ನು ಈಗ ಹೊರಗೆ ಹಾಕಿದರು. “ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ಗೌನು ಹೀಗಿರಬಾರದು.”

ನಿಜಕ್ಕೂ ಆ ಕೆಂಪು ಗೌನು ವರ್ಷವಿಡೀ ಬೀರುವಿನ ತಳದಲ್ಲಿದ್ದು ಸುಕ್ಕುಗಟ್ಟಿತ್ತು. ಕುಲಪತಿಗಳು ಅದನ್ನು ಕಳಚಿ ಕೊಟ್ಟರು. ಗರಿಗರಿಯವರು ಅದನ್ನು ಒಮ್ಮೆ ಜಾಡಿಸಿದರು. ಆ ಜಾಡಿಸುವಿಕೆಯಲ್ಲೇ ಅವರ ಮುಖದ ಗಲಿಬಿಲಿ ಇಳಿದುಹೋಯಿತು. ಕಂಬಳಿಯ ಮೇಲೆ ಹರಡಿ, ಬಕೆಟಿನ ನೀರು ಚಿಮುಕಿಸಿ, ಮೊದಲು ಕಾಲರಿನ ಒಳಮೈ, ಆಮೇಲೆ ಹೆಗಲಿನ ಹೊಲಿಗೆ, ತೋಳು. ಎಡಗೈ ಬಟ್ಟೆಯನ್ನು ಎಳೆದು ಹಿಡಿದರೆ ಬಲಗೈಯ ಪೆಟ್ಟಿಗೆ ಅದರ ಹಿಂದೆಯೇ ಜಾರಿ ಬರುತ್ತಿತ್ತು. ಆವಿ ಏಳುತ್ತಿತ್ತು. ತಿಂಗಳಿಗೆ ಇಪ್ಪತ್ತು ಅಂಗಿ ಇಸ್ತ್ರಿಗೆ ಕೊಡುವ ಜನ, ಇಸ್ತ್ರಿ ಮಾಡುವುದನ್ನು ಅಂದೇ ಮೊದಲು ನೋಡಿದಂತೆ ಕೂತಿದ್ದರು.

“ಸಮಯ ಇಲ್ಲ” ಎಂದರು ಕುಲಪತಿಗಳು ಅಂಗಿಯಲ್ಲೇ ನಿಂತು. “ಅವರು ಮಾಡ್ತಾ ಇರಲಿ, ಪದವಿ ಶುರು ಮಾಡಿ. ಈ ಹುಡುಗಿ ಹೇಗೂ ಮೇಲೇ ಇದಾಳೆ, ಮೊದಲು ಇವಳದ್ದೇ ಆಗಲಿ.”

ಮಗಳ ಹೆಸರನ್ನು ಮೈಕಿನಲ್ಲಿ ಓದಿದರು. ಅವಳು ಒಂದೇ ಚಪ್ಪಲಿಯಲ್ಲಿ ನಡೆದುಹೋಗಿ ಕೈ ಚಾಚಿದಳು. ಗರಿಗರಿಯವರು ತಲೆಯೆತ್ತಿ ನೋಡಿದರು. ಪದವಿಪತ್ರ ಅವಳ ಕೈಗೆ ಬಂತು. ಅವಳು ತಿರುಗಿ ಅಮ್ಮನನ್ನು ಹುಡುಕಿದಳು, ಅಮ್ಮ ಕಂಡರು, ನಕ್ಕಳು. ಅಷ್ಟನ್ನೂ ಅವರು ನೋಡಿದರು. ಪೂರ್ತಿ ನೋಡಿದರು.

ಆಮೇಲೆ ವಾಸನೆ ಬಂತು.

ಅಗ್ನಿಶಾಮಕ ದಳದವರು ಕಾಯುತ್ತಿದ್ದದ್ದೇ ಇದಕ್ಕೆ. ಅವರನ್ನು ಇಬ್ಬರು ಪ್ರಾಧ್ಯಾಪಕರು ಸೇರಿ ಹಿಡಿದುಕೊಳ್ಳಬೇಕಾಯಿತು. ಗರಿಗರಿಯವರು ಪೆಟ್ಟಿಗೆ ಎತ್ತಿದಾಗ ಕುಲಪತಿಗಳ ಗೌನಿನ ಬೆನ್ನಿನ ನಟ್ಟನಡುವೆ, ಅಳತೆ ಮಾಡಿ ಇಟ್ಟಂತೆ, ಪೆಟ್ಟಿಗೆಯ ಮೂತಿ ಕಂದಾಗಿ ಮೂಡಿತ್ತು.

ಕುಲಪತಿಗಳು ಗೌನನ್ನು ಬೆಳಕಿಗೆ ಹಿಡಿದು ನೋಡಿದರು. ಗರಿಗರಿಯವರ ಕೈ ನೋಡಿದರು. ಮತ್ತೆ ಗೌನು ನೋಡಿದರು.

“ಇದು ಯಾವ ಕಲೆ?”

“ಸಾರ್, ಇಷ್ಟು ದಿನ ನನಗೆ ಗೊತ್ತಿತ್ತು” ಎಂದರು ಗರಿಗರಿಯವರು. “ಈಗ ಗೊತ್ತಾಗ್ತಾ ಇಲ್ಲ.”

ಮೊದಲು ನಕ್ಕವರು ಯಾರೆಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕುಲಪತಿಗಳೇ ಎಂದು ಗ್ರಂಥಪಾಲಕರು ಹೇಳುತ್ತಾರೆ. ನಲವತ್ತು ನುಡಿಯ ಅಜ್ಜಿ ಎಂದು ನನ್ನ ಲೆಕ್ಕ. ಅಂತೂ ಕುಲಪತಿಗಳು ಆ ಗೌನನ್ನೇ ತೊಟ್ಟು ಉಳಿದ ಪದವಿಗಳನ್ನೆಲ್ಲ ಕೊಟ್ಟರು. ಮುಂದಿನಿಂದ ನೋಡಿದರೆ ಅಷ್ಟು ಗರಿಗರಿಯಾದ ಗೌನು ಆ ವಿಶ್ವವಿದ್ಯಾಲಯದಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಮಗಳು ಅಪ್ಪನನ್ನು ಹುಡುಕಿಕೊಂಡು ಪರದೆಯ ಹಿಂದಕ್ಕೆ ಬಂದಳು. ಅವರು ಅದೇ ಮೇಜಿನ ಪಕ್ಕ ತಣ್ಣಗಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಂಡತಿ ಅವರ ಮಡಚಿದ ತೋಳನ್ನು ಕೆಳಗಿಳಿಸಿ ಗುಂಡಿ ಹಾಕುತ್ತಿದ್ದರು.

“ನಿನ್ನ ಸ್ನೇಹಿತರ ಮುಂದೆಲ್ಲ ಮರ್ಯಾದೆ ಕಳೆದೆ ಮಗಳೇ.”

“ಅಪ್ಪ, ಮೂರು ವರ್ಷದಿಂದ ನಾನು ಎಲ್ಲರಿಗೂ ನಮ್ಮಪ್ಪ ಬಟ್ಟೆ ಉದ್ಯಮದಲ್ಲಿದ್ದಾರೆ ಅಂತ ಹೇಳಿದ್ದೆ.”

“ಸುಳ್ಳೇನಲ್ಲವಲ್ಲ” ಎಂದರು ಗರಿಗರಿಯವರು ಸಂಶಯದಿಂದ.

“ಸುಳ್ಳೇ ಅಪ್ಪ.” ಅವಳು ನೆಲದ ಮೇಲೆ ಅವರ ಪಕ್ಕದಲ್ಲೇ ಕೂತಳು. “ಈಗ ನನ್ನ ಸಾಲಿನವರೆಲ್ಲ ಫೋಟೋಗೆ ಮುಂಚೆ ನಮ್ಮ ಗೌನೂ ಮಾಡಿಕೊಡ್ತಾರಾ, ಕೇಳು ಅಂತ ಕಳಿಸಿದಾರೆ.”

“ಕುಲಪತಿಗಳ ಬೆನ್ನು ನೋಡಿದ ಮೇಲೂನಾ?”

“ನೋಡಿದ ಮೇಲೇನೇ.”

ಗರಿಗರಿಯವರಿಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪ್ರಯತ್ನವನ್ನೂ ಅವರು ಅಂದಿನ ಮಟ್ಟಿಗೆ ಬಿಟ್ಟಿದ್ದರು. “ಎಲ್ಲಿ, ಪದವಿ ಕೊಡು ನೋಡೋಣ” ಎಂದರು.

ಕೊಳವೆಯಂತೆ ಸುತ್ತಿ ದಾರ ಕಟ್ಟಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟರೆ ಅದು ಮತ್ತೆ ಸುತ್ತಿಕೊಂಡಿತು. ಎರಡು ಸಲ ಹಾಗೇ ಆಯಿತು. ಅವರ ಕಣ್ಣು ಮೆಲ್ಲಗೆ ತೊಡೆಯ ಮೇಲಿನ ಪೆಟ್ಟಿಗೆಯ ಕಡೆ ಹೊರಳಿದ್ದೇ ತಡ, ಹೆಂಡತಿ ಅದನ್ನು ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡರು.

“ಬೇಡಾರೀ!”

“ಇದಕ್ಕೆ ಪೆಟ್ಟಿಗೆ ಬೇಡ ಕಣೇ. ಕೈಯ ಬಿಸಿ ಸಾಕು.”

ಎದ್ದುನಿಂತು, ಎರಡೂ ಅಂಗೈ ಊರಿ, ನಡುವಿನಿಂದ ಅಂಚಿನ ಕಡೆಗೆ ಕಾಗದವನ್ನು ಸವರುತ್ತ ಬಿಡಿಸಿದರು. ಮಗಳ ಹೆಸರಿದ್ದ ಸಾಲನ್ನು ತುಟಿಯಾಡಿಸಿಕೊಂಡು ಓದಿದರು. ಓದಿ ಮುಗಿದ ಮೇಲೂ ಕೈ ತೆಗೆಯಲಿಲ್ಲ. ಮೇಜು ಒಯ್ಯಲು ಬಂದವರು ಕೊಂಚ ಹೊತ್ತು ನಿಂತು ನೋಡಿ, ಬೇರೆ ಮೇಜುಗಳನ್ನು ಮೊದಲು ಒಯ್ದರು.